ಸುತ್ತು ದಾರಿ ಹಿಡಿಯುವ ಡೇಟಾ: ತಪ್ಪು ಮನೆಯ ರೂಟರ್‌ನದೇ?

ಪ್ರಶ್ನೆ: ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಸಂಜೆಯ ವಿಡಿಯೊ ಕರೆಗಳಲ್ಲಿ ದನಿ ತುಂಡು ತುಂಡಾಗುತ್ತದೆ, ಚಿತ್ರ ನಿಂತುಬಿಡುತ್ತದೆ. ಆದರೆ ಆಗಲೇ ವೇಗದ ಪರೀಕ್ಷೆ ಮಾಡಿದರೆ ಡೌನ್‌ಲೋಡ್ 50 ಎಂಬಿಪಿಎಸ್, ಅಪ್‌ಲೋಡ್ 5 ಎಂಬಿಪಿಎಸ್ ಎಂದು ತೋರಿಸುತ್ತದೆ. ಕಾರಣ ಹುಡುಕಲು, ಡೇಟಾ ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಎಂದು ಸಾಲು ಸಾಲಾಗಿ ತೋರಿಸುವ ಟ್ರೇಸ್‌ರೂಟ್ ಎಂಬ ತಂತ್ರಾಂಶ ಓಡಿಸಿ ನೋಡಿದೆ. ನಮ್ಮ ಕಂಪನಿಯ ಸರ್ವರ್ ನಾನಿರುವ ನಗರದಲ್ಲೇ ಇದೆ. ಹಾಗಿದ್ದರೂ ಹನ್ನೊಂದು ಸಾಲು ಬಂದವು, ನಡುವೆ ಒಂದು ದೂರದ ನಗರದ ಹೆಸರೂ ಇತ್ತು. ಮೊದಲ ಸಾಲು 192.168.1.1, ಸಮಯ 2 ಮಿಲಿಸೆಕೆಂಡ್. ಎರಡನೆಯದು 100.72ರಿಂದ ಶುರುವಾಗುವ ವಿಳಾಸ, 9 ಮಿಲಿಸೆಕೆಂಡ್. ಮೂರನೆಯದರಲ್ಲಿ ಬರೀ ನಕ್ಷತ್ರ ಚಿಹ್ನೆಗಳು. ಏಳನೆಯದರಲ್ಲಿ 180, ಕೊನೆಯದರಲ್ಲಿ 36. ಹೆಚ್ಚು ಆಂಟೆನಾಗಳಿರುವ ಗೇಮಿಂಗ್ ರೂಟರ್ ಕೊಂಡರೆ ಅದು ಹತ್ತಿರದ ದಾರಿ ಹುಡುಕುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಿದರೆ ಸಾಕು ಎನ್ನುತ್ತಾರೆ ಇನ್ನೊಬ್ಬರು. ರೂಟರನ್ನು ದಿನಾ ಆಫ್ ಮಾಡಿ ಆನ್ ಮಾಡಿದರೆ ಹಳೆಯ ದಾರಿಗಳು ಅಳಿಸಿಹೋಗುತ್ತವಂತೆ. ನನ್ನ ರೂಟರ್ ತಪ್ಪು ದಾರಿ ಆರಿಸುತ್ತಿದೆಯೇ? ಅಥವಾ ಯಾರಾದರೂ ಬೇಕೆಂದೇ ನನ್ನ ಡೇಟಾವನ್ನು ತಿರುಗಿಸಿಕೊಳ್ಳುತ್ತಿದ್ದಾರೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳಿವೆ. ಡೇಟಾ ಸುತ್ತು ಹಾಕಿಕೊಂಡು ಹೋಗುತ್ತಿದೆ, ಕರೆ ಮುರಿಯುತ್ತಿದೆ. ಎರಡೂ ನಿಜವೇ. ಆದರೆ ಮೊದಲನೆಯದರಿಂದಲೇ ಎರಡನೆಯದು ಆಗುತ್ತಿದೆ ಎಂಬ ಊಹೆಗೆ ನೀವೇ ಕೊಟ್ಟ ಅಂಕಿಗಳು ಒಪ್ಪುವುದಿಲ್ಲ. ಇಂಟರ್ನೆಟ್ ಸೇವಾ ಕಂಪನಿಗಳ ಜಾಲದಲ್ಲಿ ಕೆಲಸ ಮಾಡಿದ ನನಗೆ ಇಂಥ ದೂರುಗಳು ಹೊಸವಲ್ಲ. ದಾರಿಯ ಮೇಲೆ ಅನುಮಾನಪಟ್ಟು ಬಂದ ದೂರು ಕೊನೆಗೆ ಮನೆಯೊಳಗೇ ಬಂದು ನಿಲ್ಲುವುದೇ ಹೆಚ್ಚು. ಆದರೂ ದಾರಿಯಿಂದಲೇ ಆರಂಭಿಸುತ್ತೇನೆ. ಆ ಅನುಮಾನ ತೀರದೆ ಮುಂದೆ ಹೇಳುವುದು ನಿಮಗೆ ನಂಬಿಕೆಯಾಗದು.

ನಿಮ್ಮ ರೂಟರ್ ಒಳಗೂ ಒಂದು ರೂಟಿಂಗ್ ಪಟ್ಟಿ ಇದೆ. ಆದರೆ ಅದರಲ್ಲಿ ಇರುವುದು ಎರಡೋ ಮೂರೋ ಸಾಲು. 192.168.1ರಿಂದ ಶುರುವಾಗುವ ವಿಳಾಸಗಳು ಮನೆಯೊಳಗಿನವು, ಅವುಗಳಿಗೆ ಬಂದದ್ದನ್ನು ಒಳಗೇ ಕೊಡು; ಮಿಕ್ಕ ಎಲ್ಲವನ್ನೂ ಸೇವಾ ಕಂಪನಿಯ ಕಡೆಯ ತಂತಿಗೆ ಹಾಕು. ಈ ಎರಡನೆಯ ಸಾಲಿಗೆ ಡೀಫಾಲ್ಟ್ ರೂಟ್ ಎನ್ನುತ್ತಾರೆ. ಒಂದೇ ಬಾಗಿಲಿನ ಮನೆಯಲ್ಲಿ ಯಾವ ಬಾಗಿಲಿನಿಂದ ಹೊರಡಲಿ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮ ರೂಟರ್‌ನ ಸ್ಥಿತಿಯೂ ಅದೇ. ಎಂಟು ಆಂಟೆನಾ ಇರುವ ರೂಟರ್ ತಂದಿಟ್ಟರೂ ಆ ಸಾಲು ಬದಲಾಗುವುದಿಲ್ಲ. ಆಂಟೆನಾಗಳಿಗೆ ಸಂಬಂಧವಿರುವುದು ರೂಟರ್‌ಗೂ ನಿಮ್ಮ ಲ್ಯಾಪ್‌ಟಾಪಿಗೂ ನಡುವಿನ ಕೆಲವು ಮೀಟರ್‌ಗಳ ವೈಫೈಗೆ ಮಾತ್ರ.

ಮನೆಯ ರೂಟರ್ ಹೆಚ್ಚು ಬೆವರು ಹರಿಸುವ ಕೆಲಸ ಬೇರೆಯೇ ಇದೆ. ಅದು ನ್ಯಾಟ್, ಅಂದರೆ ವಿಳಾಸ ಬದಲಿಸುವ ಕೆಲಸ. ಇಂಟರ್ನೆಟ್‌ನ ವಿಳಾಸ ಪದ್ಧತಿಯಾದ ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸ 32 ಬಿಟ್‌ಗಳದ್ದು, ಒಟ್ಟು ಸುಮಾರು 430 ಕೋಟಿ ವಿಳಾಸಗಳು. ಲೋಕಕ್ಕೆಲ್ಲ ಅದು ಸಾಲದು. ಆದ್ದರಿಂದ 192.168ರಂಥ ಕೆಲವು ಗುಂಪುಗಳನ್ನು ಖಾಸಗಿ ಬಳಕೆಗೆಂದು ಬಿಟ್ಟುಕೊಟ್ಟಿದ್ದಾರೆ. ಅದೇ ವಿಳಾಸ ಕೋಟ್ಯಂತರ ಮನೆಗಳಲ್ಲಿ ಇರುವುದರಿಂದ ಹೊರಗಿನ ಇಂಟರ್ನೆಟ್‌ನಲ್ಲಿ ಅದಕ್ಕೆ ಬೆಲೆಯಿಲ್ಲ. ನಿಮ್ಮ ರೂಟರ್ ಪ್ರತಿ ಪ್ಯಾಕೆಟ್‌ನ, ಅಂದರೆ ಡೇಟಾದ ಪ್ರತಿ ತುಂಡಿನ, ಕಳುಹಿಸಿದವರ ವಿಳಾಸವನ್ನು ಅಳಿಸಿ ತನ್ನದನ್ನು ಬರೆಯುತ್ತದೆ, ಯಾವ ಸಾಧನದ ಮಾತು ಯಾವ ಪೋರ್ಟ್ ಸಂಖ್ಯೆಯಲ್ಲಿ ಹೋಯಿತು ಎಂದು ಗುರುತು ಹಾಕಿಕೊಳ್ಳುತ್ತದೆ, ಉತ್ತರ ಬಂದಾಗ ಅದನ್ನು ತಿರುಗಿಸಿ ಕೊಡುತ್ತದೆ. ನಿಮ್ಮ ಎರಡನೆಯ ಸಾಲಿನ 100.72 ಎಂಬುದೂ ಇದೇ ಕತೆಯ ಮುಂದಿನ ಭಾಗ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಸೇವಾ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟರು. ಬಹುತೇಕ ನಿಮ್ಮ ಕಂಪನಿಯೂ ಅಲ್ಲಿ ಇನ್ನೊಮ್ಮೆ ನ್ಯಾಟ್ ಮಾಡುತ್ತಿದೆ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡಬೇಕೆಂದರೆ ಅದು ತೊಡಕು. ಕರೆ ಮುರಿಯುವುದಕ್ಕೆ ಅದನ್ನು ದೂರಬೇಕಿಲ್ಲ.

ದಾರಿಯ ಆಯ್ಕೆ ಎಂಬುದು ಶುರುವಾಗುವುದು ಸೇವಾ ಕಂಪನಿಯ ದೊಡ್ಡ ರೂಟರ್‌ಗಳಲ್ಲಿ. ನಿಮ್ಮ ದನಿ, ಚಿತ್ರ, ಕಡತ ಎಲ್ಲವೂ ಹೆಚ್ಚೆಂದರೆ 1,500 ಬೈಟ್‌ಗಳ ತುಂಡುಗಳಾಗಿ ಹೊರಡುತ್ತವೆ. ಒಂದೊಂದು ತುಂಡಿನ ತಲೆಯಲ್ಲೂ ತಲುಪಬೇಕಾದ ವಿಳಾಸ ಇರುತ್ತದೆ. ರೂಟರ್ ಆ ವಿಳಾಸ ನೋಡಿ, ಇದನ್ನು ನನ್ನ ಯಾವ ಪೋರ್ಟಿನಿಂದ (ಇಲ್ಲಿ ಪೋರ್ಟ್ ಎಂದರೆ ತಂತಿ ಜೋಡಿಸುವ ಕಿಂಡಿ) ಹೊರಗೆ ಕಳುಹಿಸಲಿ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ಮುಂದಿನ ರೂಟರ್ ಮತ್ತೆ ತನ್ನದೇ ತೀರ್ಮಾನ ಮಾಡುತ್ತದೆ. ಇಡೀ ಪ್ರಯಾಣವನ್ನು ಮೊದಲೇ ಗೊತ್ತುಮಾಡಿ ಕೈಗೆ ಕೊಡುವವರು ಯಾರೂ ಇಲ್ಲ.

ಆ ತೀರ್ಮಾನ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸರ್ವರ್‌ನ ವಿಳಾಸ 203.0.113.25 ಎಂದಿಟ್ಟುಕೊಳ್ಳೋಣ. ರೂಟರ್‌ನ ಪಟ್ಟಿಯಲ್ಲಿ ಇದಕ್ಕೆ ಹೊಂದುವ ಮೂರು ಸಾಲುಗಳಿವೆ. ಎಲ್ಲ ವಿಳಾಸಗಳಿಗೂ ಅನ್ವಯಿಸುವ ಡೀಫಾಲ್ಟ್ ಸಾಲು ಒಂದನೆಯ ಪೋರ್ಟನ್ನು ತೋರಿಸುತ್ತದೆ. 203.0ರಿಂದ ಶುರುವಾಗುವ 65,536 ವಿಳಾಸಗಳ ಸಾಲು ಎರಡನೆಯ ಪೋರ್ಟನ್ನು, 203.0.113ರಿಂದ ಶುರುವಾಗುವ 256 ವಿಳಾಸಗಳ ಸಾಲು ಮೂರನೆಯದನ್ನು ತೋರಿಸುತ್ತವೆ. ಮೂರೂ ಸರಿಯೇ. ಗೆಲ್ಲುವುದು ಮಾತ್ರ ಮೂರನೆಯದು, ಏಕೆಂದರೆ ವಿಳಾಸದ ಹೆಚ್ಚು ಅಂಕೆಗಳು ಅದಕ್ಕೆ ಹೊಂದುತ್ತವೆ. ಮೂರನೆಯ ಪೋರ್ಟಿನ ದಾರಿ ದೂರವೋ ಹತ್ತಿರವೋ, ಅಲ್ಲಿ ದಟ್ಟಣೆ ಇದೆಯೋ ಇಲ್ಲವೋ ಎಂದು ಈ ಹಂತದಲ್ಲಿ ಯಾರೂ ಕೇಳುವುದಿಲ್ಲ. ಇಂಟರ್ನೆಟ್‌ನ ನಡುಮಧ್ಯದ ರೂಟರ್‌ಗಳ ಪಟ್ಟಿಯಲ್ಲಿ ಇಂಥ ಸಾಲುಗಳು ಹತ್ತು ಲಕ್ಷದ ಆಸುಪಾಸಿನಲ್ಲಿವೆ. ಸೆಕೆಂಡಿಗೆ ಕೋಟಿಗಟ್ಟಲೆ ಪ್ಯಾಕೆಟ್‌ಗಳಿಗೆ ಹೀಗೆ ಹುಡುಕಬೇಕಾದ್ದರಿಂದ ಅದಕ್ಕೆಂದೇ ವಿಶೇಷ ಚಿಪ್‌ಗಳಿರುತ್ತವೆ, ಆ ಚಿಪ್‌ಗಳ ಜಾಗಕ್ಕೂ ಮಿತಿ ಇರುತ್ತದೆ. 2014ರ ಆಗಸ್ಟ್ 12ರಂದು ಪಟ್ಟಿ ಸುಮಾರು 5.12 ಲಕ್ಷ ಸಾಲು ದಾಟಿದಾಗ, ಅಷ್ಟಕ್ಕೇ ಜಾಗ ಹಂಚಿಕೊಂಡಿದ್ದ ಹಳೆಯ ರೂಟರ್‌ಗಳು ತತ್ತರಿಸಿ ಹಲವು ಜಾಲಗಳು ತಡವರಿಸಿದ್ದುಂಟು.

ಈ ಸಾಲುಗಳನ್ನು ಬರೆಯುವವರು ಯಾರು? ಒಂದೇ ಕಂಪನಿಯ ಜಾಲದೊಳಗೆ ರೂಟರ್‌ಗಳು ಪರಸ್ಪರ ಮಾತಾಡಿಕೊಂಡು, ಪ್ರತಿ ತಂತಿಗೂ ಒಂದು ವೆಚ್ಚ ಕಟ್ಟಿ, ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಅತಿ ಕಡಿಮೆ ವೆಚ್ಚದ ದಾರಿ ಕಂಡುಕೊಳ್ಳುತ್ತವೆ. ಹತ್ತಿರದ ದಾರಿ ಹುಡುಕುವುದು ಎಂಬ ಮಾತಿಗೆ ಅಲ್ಲಿ ಅರ್ಥವಿದೆ. ಕಂಪನಿ ಕಂಪನಿಗಳ ನಡುವೆ ನಡೆಯುವುದು ಬೇರೆ ವ್ಯವಹಾರ, ಅಲ್ಲಿನ ಭಾಷೆ ಬಿಜಿಪಿ. 1989ರಲ್ಲಿ ಕರ್ಕ್ ಲೌಹೀಡ್ ಮತ್ತು ಯಾಕೋವ್ ರೆಕ್ಟರ್ ಎಂಬ ಇಬ್ಬರು ಎಂಜಿನಿಯರುಗಳು ಊಟದ ಹೊತ್ತಿನಲ್ಲಿ ಕೈ ಒರೆಸುವ ಕಾಗದಗಳ ಮೇಲೆ ಗೀಚಿದ ರೂಪುರೇಷೆ ಅದು. ಅದರ ನಂತರದ ಆವೃತ್ತಿಯೇ ಈಗಲೂ ಇಂಟರ್ನೆಟ್ಟನ್ನು ಹಿಡಿದಿಟ್ಟಿದೆ. ಈ ವಿಳಾಸಗಳು ನನ್ನ ಮೂಲಕ ಸಿಗುತ್ತವೆ ಎಂದು ಒಂದು ಜಾಲ ಪಕ್ಕದ ಜಾಲಕ್ಕೆ ಸಾರುತ್ತದೆ. ಪಕ್ಕದ್ದು ತನ್ನ ಗುರುತಿನ ಸಂಖ್ಯೆ ಸೇರಿಸಿ ಅದರಾಚೆಗೆ ಸಾರುತ್ತದೆ. ಆ ಸಂದೇಶದಲ್ಲಿ ಕಿಲೋಮೀಟರ್ ಇಲ್ಲ, ಮಿಲಿಸೆಕೆಂಡ್ ಇಲ್ಲ, ಎಷ್ಟು ಜಾಲ ದಾಟಬೇಕು ಎಂಬ ಲೆಕ್ಕ ಮಾತ್ರ ಇದೆ. ಆ ಲೆಕ್ಕಕ್ಕೂ ಮೊದಲು ನೋಡುವುದು ಹಣದ ಸಂಬಂಧವನ್ನು. ನಮಗೆ ಹಣ ಕೊಡುವ ಗ್ರಾಹಕ ಜಾಲದ ಮೂಲಕ ದಾರಿ ಇದ್ದರೆ ಮೊದಲು ಅದು. ಇಲ್ಲವಾದರೆ ಹಣದ ಮಾತಿಲ್ಲದೆ ಡೇಟಾ ವಿನಿಮಯ ಮಾಡಿಕೊಳ್ಳುವ ಸಮಾನ ಜಾಲದ ಮೂಲಕ. ಅದೂ ಇಲ್ಲದಿದ್ದರೆ ನಾವೇ ಹಣ ಕೊಟ್ಟು ಸಂಪರ್ಕ ಪಡೆದಿರುವ ದೊಡ್ಡ ಜಾಲದ ಮೂಲಕ. ಬಿಜಿಪಿ ಸಂರಚಿಸುವ ಯಾವ ಎಂಜಿನಿಯರನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಕ್ರಮ ಹೇಳುತ್ತಾರೆ.

ನಿಮ್ಮ ಡೇಟಾ ದೂರದ ನಗರ ಕಂಡು ಬರುವುದಕ್ಕೆ ಕಾರಣ ಬಹುಮಟ್ಟಿಗೆ ಇಲ್ಲೇ ಇದೆ. ನಿಮ್ಮ ಸೇವಾ ಕಂಪನಿಯೂ ನಿಮ್ಮ ಕಚೇರಿಯ ಸೇವಾ ಕಂಪನಿಯೂ ಒಂದೇ ನಗರದಲ್ಲಿ ತಂತಿ ಎಳೆದಿರಬಹುದು. ಆದರೆ ಆ ನಗರದಲ್ಲಿ ಇಬ್ಬರೂ ಪರಸ್ಪರ ಸೇರುವ ಜಾಗ ಇಲ್ಲದಿದ್ದರೆ, ಸೇರುವ ಜಾಗ ಎಲ್ಲಿದೆಯೋ ಅಲ್ಲಿಯವರೆಗೆ ಡೇಟಾ ಹೋಗಿಯೇ ಬರಬೇಕು. ಅಂದಹಾಗೆ, ನೀವು ನೋಡಿದ್ದು ಹೋಗುವ ದಾರಿ ಮಾತ್ರ. ಮರಳಿ ಬರುವ ದಾರಿಯನ್ನು ಆ ಕಡೆಯ ಜಾಲ ತನ್ನ ಲೆಕ್ಕದಲ್ಲಿ ಆರಿಸುತ್ತದೆ, ಅದು ಪೂರ್ತಿ ಬೇರೆಯೇ ಆಗಿರಬಹುದು. ಟ್ರೇಸ್‌ರೂಟ್ ತೋರಿಸುವ ಸಮಯದಲ್ಲಿ ಎರಡೂ ಸೇರಿವೆ, ಸಾಲುಗಳಲ್ಲಿ ಕಾಣುವುದು ಒಂದೇ.

ಬೇಕೆಂದೇ ತಿರುಗಿಸುವುದು ಸಾಧ್ಯವೇ ಎಂಬ ನಿಮ್ಮ ಭಯ ಬುಡವಿಲ್ಲದ್ದಲ್ಲ. ಸಾರಿದ್ದನ್ನು ನಂಬುವುದು ಬಿಜಿಪಿಯ ಹುಟ್ಟುಗುಣ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ದೇಶದೊಳಗೆ ಯೂಟ್ಯೂಬ್ ತಡೆಯಲು ಯೂಟ್ಯೂಬ್‌ನ 256 ವಿಳಾಸಗಳಿಗೆ ತನ್ನದೇ ಒಂದು ಸಾಲು ಹಾಕಿಕೊಂಡಿತು. ಆ ಸಾಲು ಗಡಿ ದಾಟಿ ಹೊರಗೆ ಸೋರಿತು. ಯೂಟ್ಯೂಬ್ ಸಾರುತ್ತಿದ್ದ ಸಾಲು 1,024 ವಿಳಾಸಗಳದ್ದಾದ್ದರಿಂದ ಮೇಲೆ ಹೇಳಿದ ನಿಯಮದಂತೆ ಲೋಕದ ರೂಟರ್‌ಗಳೆಲ್ಲ ಪಾಕಿಸ್ತಾನದ ಸಾಲನ್ನೇ ಹಿಡಿದವು, ಸುಮಾರು ಎರಡು ಗಂಟೆ ಯೂಟ್ಯೂಬ್ ಮಾಯವಾಯಿತು. ತಮ್ಮ ವಿಳಾಸ ಮರಳಿ ಪಡೆಯಲು ಯೂಟ್ಯೂಬ್‌ನವರು ಅದಕ್ಕಿಂತ ಸಣ್ಣ, 128 ವಿಳಾಸಗಳ ಸಾಲುಗಳನ್ನೂ ಸಾರಬೇಕಾಯಿತು. ಈಗ ಯಾವ ವಿಳಾಸವನ್ನು ಯಾರು ಸಾರಬಹುದು ಎಂದು ಡಿಜಿಟಲ್ ಸಹಿಯೊಡನೆ ದಾಖಲಿಸುವ ಆರ್‌ಪಿಕೆಐ ವ್ಯವಸ್ಥೆ ಇದೆ, ದೊಡ್ಡ ಜಾಲಗಳು ಅದನ್ನು ನೋಡಿ ಸುಳ್ಳು ಸಾಲುಗಳನ್ನು ತಿರಸ್ಕರಿಸುತ್ತವೆ. ಇಂಥ ಕಳ್ಳದಾರಿ ಹಿಡಿಯುವವರು ಇಡೀ ವಿಳಾಸ ಗುಂಪನ್ನೇ ಎಳೆಯುತ್ತಾರೆ, ಒಬ್ಬರ ಸಂಜೆಯ ಕರೆಯನ್ನಲ್ಲ. ದಿನವೂ ಒಂದೇ ದೂರದ ನಗರ ಕಾಣುತ್ತಿದ್ದರೆ ಅದು ಒಪ್ಪಂದದ ಫಲವೆಂದೇ ನಾನು ಓದುತ್ತೇನೆ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಪ್ರತಿ ಪ್ಯಾಕೆಟ್‌ನಲ್ಲೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 64 ಅಥವಾ 128ರಿಂದ ಹೊರಡುತ್ತದೆ. ರೂಟರ್ ದಾಟಿದಾಗಲೆಲ್ಲ ಒಂದು ಕಡಿಮೆಯಾಗುತ್ತದೆ. ಸೊನ್ನೆಯಾದಲ್ಲಿ ರೂಟರ್ ಆ ಪ್ಯಾಕೆಟನ್ನು ಬಿಸಾಡಿ, ಕಳುಹಿಸಿದವರಿಗೆ ಒಂದು ಸೂಚನೆ ಕೊಡುತ್ತದೆ. ಪಟ್ಟಿಗಳಲ್ಲಿ ತಪ್ಪಿದ್ದು ಪ್ಯಾಕೆಟ್ ಇಬ್ಬರ ನಡುವೆಯೇ ಗಿರಕಿ ಹೊಡೆಯತೊಡಗಿದರೆ ಅದಕ್ಕೊಂದು ಕೊನೆ ಇರಲಿ ಎಂದು ಮಾಡಿದ ಏರ್ಪಾಡು ಇದು. ಗಣಕ ವಿಜ್ಞಾನಿ ವ್ಯಾನ್ ಜೇಕಬ್‌ಸನ್ ಇದನ್ನೇ ಜಾಣತನದಿಂದ ಬಳಸಿ ಟ್ರೇಸ್‌ರೂಟ್ ಬರೆದರು: ಟಿಟಿಎಲ್ 1 ಇಟ್ಟು ಕಳುಹಿಸಿದರೆ ಮೊದಲ ರೂಟರ್ ಗೊಣಗುತ್ತದೆ, 2 ಇಟ್ಟರೆ ಎರಡನೆಯದು. ಆದರೆ ಹೀಗೆ ಗೊಣಗುವುದು ರೂಟರ್‌ನ ಮುಖ್ಯ ಕೆಲಸವಲ್ಲ. ಪ್ಯಾಕೆಟ್ ಸಾಗಿಸುವುದು ವೇಗದ ಚಿಪ್. ಸೂಚನೆ ಬರೆಯುವುದು ಪಕ್ಕದ ಸಾಮಾನ್ಯ ಪ್ರೊಸೆಸರ್, ಅದೂ ಬಿಡುವಿದ್ದಾಗ. ಎಷ್ಟೋ ಕಂಪನಿಗಳು ಆ ಸೂಚನೆಯನ್ನು ಪೂರ್ತಿ ನಿಲ್ಲಿಸಿರುತ್ತವೆ, ಆಗ ನಿಮಗೆ ನಕ್ಷತ್ರ ಕಾಣುತ್ತದೆ. ಏಳನೆಯ ಸಾಲಿನ ರೂಟರ್ ನಿಜಕ್ಕೂ 180 ಮಿಲಿಸೆಕೆಂಡ್ ತಡ ಮಾಡುತ್ತಿದ್ದರೆ ಅದನ್ನು ದಾಟಿ ಹೋದ ಹನ್ನೊಂದನೆಯದು 36ರಲ್ಲಿ ಬರಲು ಸಾಧ್ಯವೇ ಇಲ್ಲ. ನಡುವಿನ ಒಂದು ಸಾಲು ಮಾತ್ರ ಹೆಚ್ಚು ತೋರಿಸಿದರೆ ಬಿಟ್ಟುಬಿಡಿ. ಒಂದು ಸಾಲಿನಿಂದ ಶುರುವಾಗಿ ಕೊನೆಯವರೆಗೂ ಹೆಚ್ಚೇ ಇದ್ದರೆ ಆಗ ನೋಡಬೇಕು.

ಉಳಿದದ್ದು ಆ 36. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರುವುದನ್ನು ಸೇರಿಸಿದರೆ ಒಂದು ಮಿಲಿಸೆಕೆಂಡಿಗೆ 100 ಕಿಲೋಮೀಟರ್ ದೂರ. ಮನೆಯಿಂದ ಸೇವಾ ಕಂಪನಿಯವರೆಗಿನ 9 ಕಳೆದರೆ 27 ಉಳಿಯುತ್ತದೆ. ಸುತ್ತು ದಾರಿ ನಿಜ ಎಂದು ಅದೇ ಸಾರುತ್ತದೆ, ಒಂದೇ ನಗರದೊಳಗೆ ಅಷ್ಟು ಹಿಡಿಯಬೇಕಿಲ್ಲ. ಆದರೆ ದೂರವಾಣಿ ಸಂಭಾಷಣೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ವರೆಗಿನ ತಡ ಬಹುತೇಕ ತೊಂದರೆ ಕೊಡುವುದಿಲ್ಲ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ಮಾನದಂಡ. ಹೋಗಿಬರುವುದಕ್ಕೇ 36 ಎಂದರೆ ಅದರ ಹತ್ತಿರಕ್ಕೂ ಬರಲಿಲ್ಲ. ಈ ದಾರಿ ಸುತ್ತಾದರೂ ಕರೆ ಕೆಡಿಸುವಂಥದ್ದಲ್ಲ.

ಹಾಗಾದರೆ ಕೆಡಿಸುತ್ತಿರುವುದು ಏನು? ನನ್ನ ಅನುಮಾನ ನಿಮ್ಮ ರೂಟರ್‌ನ ಕ್ಯೂ ಮೇಲೆ. ದಾರಿಯನ್ನು ಆರಿಸದ ಆ ಪೆಟ್ಟಿಗೆ ಒಂದನ್ನು ಮಾತ್ರ ಖಂಡಿತ ತೀರ್ಮಾನಿಸುತ್ತದೆ: ಯಾವ ಪ್ಯಾಕೆಟ್ ಮೊದಲು ಹೊರಡಬೇಕು, ಯಾವುದು ಕಾಯಬೇಕು. ನಿಮ್ಮ ಅಪ್‌ಲೋಡ್ 5 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 50 ಲಕ್ಷ ಬಿಟ್. ಸಂಜೆ ಮನೆಯವರೆಲ್ಲ ಬಂದಾಗ ಅವರ ಮೊಬೈಲ್‌ಗಳು ವೈಫೈ ಸಿಕ್ಕಿತೆಂದು ದಿನದ ಫೋಟೊ, ವಿಡಿಯೊಗಳನ್ನು ಮೇಲೇರಿಸಲು ಶುರು ಮಾಡುತ್ತವೆ. ರೂಟರ್‌ನ ಕ್ಯೂನಲ್ಲಿ 500 ಪ್ಯಾಕೆಟ್‌ಗಳಿಗೆ ಜಾಗವಿದ್ದು ಅದು ತುಂಬಿದೆ ಎನ್ನಿ. 500 ಪ್ಯಾಕೆಟ್, ಒಂದೊಂದು 1,500 ಬೈಟ್, ಒಟ್ಟು 60 ಲಕ್ಷ ಬಿಟ್. 5 ಎಂಬಿಪಿಎಸ್ ತಂತಿಯಲ್ಲಿ ಅದು ಖಾಲಿಯಾಗಲು 1.2 ಸೆಕೆಂಡ್ ಬೇಕು. ನಿಮ್ಮ ದನಿಯ ಪ್ಯಾಕೆಟ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಹುಟ್ಟುತ್ತದೆ, ಹುಟ್ಟಿದ್ದು ಆ ಕ್ಯೂನ ಬಾಲಕ್ಕೆ ಹೋಗಿ ನಿಲ್ಲುತ್ತದೆ. ಒಂದೂಕಾಲು ಸೆಕೆಂಡ್ ತಡವಾಗಿ ಬಂದ ದನಿಯನ್ನು ಆ ಕಡೆಯ ತಂತ್ರಾಂಶ ಎಸೆಯದೆ ಏನು ಮಾಡೀತು? ಇಷ್ಟಾದರೂ ವೇಗದ ಪರೀಕ್ಷೆ ಸೊಗಸಾದ ಅಂಕಿಯನ್ನೇ ಕೊಡುತ್ತದೆ. ಸೆಕೆಂಡಿಗೆ ಎಷ್ಟು ಹೋಯಿತು ಎಂಬುದು ಅದರ ಲೆಕ್ಕ, ಎಷ್ಟು ಕಾದು ಹೋಯಿತು ಎಂಬುದಲ್ಲ.

ಕ್ಯೂ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ತಯಾರಕರಲ್ಲೂ ಬಹುಕಾಲ ಇತ್ತು. ಆದರೆ ಡೇಟಾ ಕಳುಹಿಸುವ ವೇಗ ನಿರ್ಧರಿಸುವ ಟಿಸಿಪಿ ಎಂಬ ನಿಯಮಾವಳಿಗೆ ತಂತಿ ತುಂಬಿದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋದಾಗ. ದೊಡ್ಡ ಕ್ಯೂ ಯಾವುದನ್ನೂ ಕಳೆಯುವುದಿಲ್ಲ, ಹಾಗಾಗಿ ಟಿಸಿಪಿ ತುಂಬುತ್ತಲೇ ಹೋಗುತ್ತದೆ. ಜಿಮ್ ಗೆಟ್ಟಿಸ್ ಎಂಬ ಗಣಕ ತಜ್ಞರು ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಪರಿಹಾರಗಳಲ್ಲಿ ಮುಖ್ಯವಾದ ಕೋಡೆಲ್ ಎಂಬ ವಿಧಾನವನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ರೂಪಿಸಿದವರು, ನೀವು ಓಡಿಸಿದ ಟ್ರೇಸ್‌ರೂಟ್ ಬರೆದ ಅದೇ ವ್ಯಾನ್ ಜೇಕಬ್‌ಸನ್. 1986ರಲ್ಲಿ 400 ಗಜ ದೂರದ ಎರಡು ಕೇಂದ್ರಗಳ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಾಗ ಟಿಸಿಪಿಗೆ ಸಂಯಮ ಕಲಿಸಿದವರೂ ಅವರೇ.

ನನ್ನ ಅನುಮಾನವನ್ನು ನಂಬಬೇಕಿಲ್ಲ, ಪರೀಕ್ಷಿಸಿ. ಲ್ಯಾಪ್‌ಟಾಪನ್ನು ರೂಟರ್‌ಗೆ ತಂತಿಯಿಂದ ಜೋಡಿಸಿ, ಟ್ರೇಸ್‌ರೂಟ್‌ನ ಆ ಎರಡನೆಯ ಸಾಲಿನ ವಿಳಾಸಕ್ಕೆ ಪಿಂಗ್ (ಸಣ್ಣ ಪ್ಯಾಕೆಟ್ ಕಳುಹಿಸಿ ಉತ್ತರ ಬರುವ ಸಮಯ ಅಳೆಯುವ ತಂತ್ರಾಂಶ) ಓಡಲು ಬಿಡಿ. ಮನೆಯಲ್ಲಿ ಬೇರೆ ಬಳಕೆ ಇಲ್ಲದಾಗ 9ರ ಆಸುಪಾಸು ಇರುತ್ತದೆ. ಈಗ ಒಂದು ಮೊಬೈಲ್‌ನಿಂದ ದೊಡ್ಡ ವಿಡಿಯೊ ಮೇಲೇರಿಸಿ. ಪಿಂಗ್ ನೂರಾರು ಮಿಲಿಸೆಕೆಂಡಿಗೆ ಹಾರಿದರೆ ಕಳ್ಳ ಸಿಕ್ಕಿಬಿದ್ದ. ಹಾರದಿದ್ದರೆ ತಂತಿ ಕಿತ್ತು ವೈಫೈಯಲ್ಲಿ 192.168.1.1ಕ್ಕೆ ಪಿಂಗ್ ಮಾಡಿ. ಅದೇ 2ರಿಂದ 100ರವರೆಗೆ ಜೀಕುತ್ತಿದ್ದರೆ ತೊಂದರೆ ವೈಫೈಯದು. 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬನ್ನಿ, ಇಲ್ಲವೇ ಕೆಲಸದ ಮೇಜಿಗೆ ತಂತಿ ಎಳೆಯಿರಿ.

ಕ್ಯೂ ಎಂದು ಖಚಿತವಾದರೆ ಮೊದಲ ಮದ್ದು ಪುಕ್ಕಟೆ: ಮೊಬೈಲ್‌ಗಳ ಫೋಟೊ ಬ್ಯಾಕಪ್ ರಾತ್ರಿ ಹೊತ್ತು ನಡೆಯುವಂತೆ ಬದಲಿಸಿ. ಅದು ಮನೆಯವರ ಶಿಸ್ತನ್ನು ನೆಚ್ಚಿಕೊಂಡಿರುತ್ತದೆ, ಆದ್ದರಿಂದ ಹೆಚ್ಚು ದಿನ ಬಾಳುವುದಿಲ್ಲ. ಬಾಳುವ ಮದ್ದು ಎಸ್‌ಕ್ಯೂಎಂ ಎಂಬ ಸೌಲಭ್ಯವಿರುವ ರೂಟರ್. ಕೋಡೆಲ್ ಜಾತಿಯ ಕ್ಯೂ ನಿರ್ವಹಣೆ ಅದರಲ್ಲಿರುತ್ತದೆ, ಫೋಟೊಗಳ ರಾಶಿಯನ್ನು ಬದಿಗಿಟ್ಟು ದನಿಯ ಸಣ್ಣ ಪ್ಯಾಕೆಟ್‌ಗಳನ್ನು ಮುಂದೆ ಬಿಡುತ್ತದೆ. ಅಪ್‌ಲೋಡ್ ಮಿತಿಯನ್ನು 5ರ ಬದಲು 4.5ಕ್ಕೆ ಇಡಬೇಕಾಗುತ್ತದೆ, ಇಲ್ಲದಿದ್ದರೆ ಕ್ಯೂ ನಿಮ್ಮ ಹಿಡಿತ ತಪ್ಪಿ ಮುಂದಿನ ಮೋಡೆಮ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಸ್ವಲ್ಪ ವೇಗ ಕೈಬಿಟ್ಟು ಹೋಗುವುದು ಇದರ ನಷ್ಟ. ಜೊತೆಗೆ ಅಗ್ಗದ ರೂಟರ್‌ಗಳ ಪ್ರೊಸೆಸರ್ ನೂರಾರು ಎಂಬಿಪಿಎಸ್ ವೇಗದಲ್ಲಿ ಈ ಕೆಲಸ ಮಾಡಲಾರದೆ ಏದುಸಿರು ಬಿಡುತ್ತದೆ, ನಿಮ್ಮ 50ಕ್ಕೆ ಅಂಥ ತೊಂದರೆ ಬರಲಿಕ್ಕಿಲ್ಲ. ಈಗಿರುವ ರೂಟರ್‌ಗೇ ಈ ಸೌಲಭ್ಯವಿರುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳುವವರಿದ್ದಾರೆ. ಮಾದರಿ ಸಂಖ್ಯೆ ತಪ್ಪಿದರೆ ಪೆಟ್ಟಿಗೆ ಮತ್ತೆ ಏಳುವುದಿಲ್ಲ, ಸೇವಾ ಕಂಪನಿ ಕೊಟ್ಟ ರೂಟರ್ ಆಗಿದ್ದರೆ ಆ ಗೋಜಿಗೇ ಹೋಗಬೇಡಿ. ಗೇಮಿಂಗ್ ರೂಟರ್ ಕೊಳ್ಳುವುದಾದರೆ ಆಂಟೆನಾ ಎಣಿಸದೆ ಈ ಸೌಲಭ್ಯ ಇದೆಯೇ ನೋಡಿ ಕೊಳ್ಳಿ.

ಡಿಎನ್‌ಎಸ್ ಹೆಸರನ್ನು ವಿಳಾಸವಾಗಿ ಬದಲಿಸುತ್ತದೆ, ಅಷ್ಟಕ್ಕೆ ಅದರ ಪಾತ್ರ ಮುಗಿಯಿತು. ಹಲವು ಕಡೆ ಸರ್ವರ್ ಇಟ್ಟಿರುವ ದೊಡ್ಡ ತಾಣಗಳಿಗೆ ಬೇರೆ ಡಿಎನ್‌ಎಸ್ ಬೇರೆ ವಿಳಾಸ ಕೊಡಬಹುದು, ಒಮ್ಮೊಮ್ಮೆ ದೂರದ್ದನ್ನೇ ಕೊಡುವುದೂ ಉಂಟು. ನಿಮ್ಮ ಕಂಪನಿಗಿರುವ ಒಂದೇ ಸರ್ವರ್‌ಗೆ ಅದರಿಂದ ಬದಲಾಗುವುದೇನೂ ಇಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದಾಗ ಅಳಿಸುವುದು ನ್ಯಾಟ್‌ನ ಗುರುತುಗಳು ಮತ್ತು ತುಂಬಿದ ಕ್ಯೂ. ಸ್ವಲ್ಪ ಹೊತ್ತು ಹಗುರವೆನಿಸುತ್ತದೆ, ಹತ್ತು ನಿಮಿಷದಲ್ಲಿ ಫೋಟೊಗಳು ಮತ್ತೆ ಬಂದು ಕೂರುತ್ತವೆ.

ಎಲ್ಲ ಡೇಟಾವನ್ನೂ ಗೂಢಲಿಪಿಯಲ್ಲಿ ಒಂದು ಮಧ್ಯವರ್ತಿ ಸರ್ವರ್ ಮೂಲಕ ಕಳುಹಿಸುವ ವಿಪಿಎನ್ ಮಾತ್ರ ದಾರಿಯನ್ನು ನಿಜಕ್ಕೂ ಬದಲಿಸುತ್ತದೆ, ಏಕೆಂದರೆ ಡೇಟಾ ಮೊದಲು ವಿಪಿಎನ್ ಸರ್ವರ್‌ಗೆ ಹೋಗಬೇಕು. ಅದು ಎರಡೂ ಜಾಲಗಳ ಜೊತೆ ಚೆನ್ನಾಗಿ ಬೆಸೆದ ಕಡೆ ಇದ್ದರೆ 36 ಇಳಿಯಲೂಬಹುದು, ಏರುವ ಸಂಭವವೇ ಹೆಚ್ಚು. ನಿಮ್ಮ ಸಂಚಾರವೆಲ್ಲ ಕಾಣುವ ಜಾಗ ಸೇವಾ ಕಂಪನಿಯಿಂದ ವಿಪಿಎನ್ ನಡೆಸುವವರ ಕೈಗೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಯ ಕ್ಯೂ ಹಾಗೇ ಉಳಿಯುತ್ತದೆ.

ಪರೀಕ್ಷೆಯಲ್ಲಿ ಮನೆಯೊಳಗೆ ಎಲ್ಲವೂ ಸರಿ ಎಂದು ಬಂದು, ಸಂಜೆ ಹೊತ್ತು ಕೊನೆಯ ಸಾಲಿನ ಸಮಯವೇ 36ರಿಂದ ನೂರಾರಕ್ಕೆ ಏರುತ್ತಿದ್ದರೆ, ಪ್ಯಾಕೆಟ್‌ಗಳು ಕೊನೆಯವರೆಗೂ ಕಳೆದುಹೋಗುತ್ತಿದ್ದರೆ, ಆಗ ಎರಡು ಜಾಲಗಳು ಸೇರುವಲ್ಲಿ ದಟ್ಟಣೆ ಇದೆ ಎಂದು ಅನುಮಾನಿಸಬಹುದು. ಅದನ್ನು ಬಿಡಿಸುವುದು ಸೇವಾ ಕಂಪನಿಗೆ ಮಾತ್ರ ಸಾಧ್ಯ. ಬರೀ ನಿಧಾನ ಎಂದು ಬರೆದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ತಂತಿಯಲ್ಲಿ ಜೋಡಿಸಿ ತೆಗೆದ ಟ್ರೇಸ್‌ರೂಟ್, ಬೆಳಿಗ್ಗೆಯದೊಂದು, ಸಂಜೆಯದೊಂದು, ಸಮಯ ನಮೂದಿಸಿ ಕಳುಹಿಸಿ. ಕಚೇರಿಯ ಐಟಿ ವಿಭಾಗದವರನ್ನು ಕೇಳಿ ಸರ್ವರ್ ಕಡೆಯಿಂದ ನಿಮ್ಮ ಹೊರಗಿನ ವಿಳಾಸಕ್ಕೆ ತೆಗೆದ ಟ್ರೇಸ್‌ರೂಟನ್ನೂ ಲಗತ್ತಿಸಿ. ಬರುವ ದಾರಿ ಅದರಲ್ಲಿ ಮಾತ್ರ ಕಾಣುತ್ತದೆ, ಇದಿಲ್ಲದೆ ಜಾಲ ವಿಭಾಗದವರು ಅರ್ಧ ಚಿತ್ರ ನೋಡಿ ಕಡತ ಮುಚ್ಚಿಬಿಡುತ್ತಾರೆ.